ಒತ್ತಕ್ಷರಕ್ಕೊಂದಿಷ್ಟು ಜಾಗ

ಎರಡು ವರ್ಷದ ಹಿಂದೆ ಪುಣೆಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಕೆಲಸ ನನ್ನ ಹೆಗಲಿಗೆ ಬಿತ್ತು. ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳನ್ನು ನಡೆಸುವವನು, ಇದೂ ಒಂದು ಪ್ರಾಜೆಕ್ಟ್ ತಾನೆ ಎಂದು ಸಂಘದವರು ಅಂದುಕೊಂಡರು; ನಾನೂ ಹಾಗೇ ಅಂದುಕೊಂಡೆ. ಲೇಖನ ತರಿಸಿದ್ದು, ಕಾಗುಣಿತ ತಿದ್ದಿದ್ದು, ಜಾಹೀರಾತು ಹೊಂದಿಸಿದ್ದು ಎಲ್ಲಕ್ಕೂ ಎಕ್ಸೆಲ್ ಹಾಳೆಯಲ್ಲಿ ಲೆಕ್ಕವಿತ್ತು. ಫಾಂಟ್ ಆರಿಸಿದ್ದಕ್ಕೆ ಮಾತ್ರ ಯಾವ ಲೆಕ್ಕವೂ ಇರಲಿಲ್ಲ. ಒಂದು ರಾತ್ರಿ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತು, ಸಂಚಿಕೆಯ ಹೆಸರನ್ನು ಎಂಟು ಹತ್ತು ಫಾಂಟ್‌ಗಳಲ್ಲಿ ಹಾಕಿ ನೋಡಿ, ದುಂಡಗೆ, ದಪ್ಪಗೆ, ಮುದ್ದಾಗಿ ಕಂಡ ಒಂದನ್ನು ಹಿಡಿದೆ. ಶೀರ್ಷಿಕೆಗೂ ಅದೇ, ಒಳಪುಟಗಳಿಗೂ ಅದೇ. ಅದರ ಹೆಸರು ಇಲ್ಲಿ ಬೇಡ, ತಪ್ಪು ಅದರದ್ದಲ್ಲ.

ಬಿಡುಗಡೆಯಾಗಿ ಒಂದು ವಾರಕ್ಕೆ ಕಾಕಾ ಅವರ ಮನೆಗೆ ಹೋಗಿದ್ದೆ. ಧಾರವಾಡದವರು, ನೌಕರಿಗೆಂದು ಪುಣೆಗೆ ಬಂದು ನಲವತ್ತು ವರ್ಷ ದಾಟಿದೆ. ಸಂಘದಲ್ಲಿ ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಬೆನ್ನು ಹತ್ತಿ ಅವರಿಂದ ಒಂದು ಲೇಖನ ಬರೆಸಿದ್ದೆ, ಅವರ ತಾಯಿಯ ಬಗ್ಗೆ, ನಾಲ್ಕು ಪುಟ. ಕಾಲೇಜು ಬಿಟ್ಟ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಅದೇ ಮೊದಲಂತೆ. ಸಂಚಿಕೆ ಟೀಪಾಯಿಯ ಮೇಲೆ ಇತ್ತು. “ಭಾಳ ಛಂದ ಮಾಡೀಯಪಾ,” ಅಂದರು. “ನೋಡ್ಲಿಕ್ಕೆ ಛಂದ ಅದ. ಓದ್ಲಿಕ್ಕೆ ಮಾತ್ರ ಆಗವಲ್ತು.” ಕಣ್ಣಿನ ಪೊರೆ ತೆಗೆಸಿ ಹೊಸ ಕನ್ನಡಕ ಬಂದಿತ್ತು, ದಿನಪತ್ರಿಕೆ ಸಲೀಸಾಗಿ ಓದುತ್ತಿದ್ದರು. ತಾವೇ ಬರೆದದ್ದನ್ನು ಮಾತ್ರ ಅವರಿಗೆ ಓದಲು ಆಗಿರಲಿಲ್ಲ.

ಮನೆಗೆ ಬಂದು ಸಂಚಿಕೆಯನ್ನು ಮೊದಲ ಸಲ ಓದುಗನ ಹಾಗೆ ಓದಿದೆ. ದಾನಿಗಳ ಪುಟದಲ್ಲಿ ‘ಧನಸಹಾಯ ಮಾಡಿದವರು’ ಎಂಬುದು ‘ದನಸಹಾಯ ಮಾಡಿದವರು’ ಎಂದು ಕಾಣುತ್ತಿತ್ತು. ಅಕ್ಷರ ಸರಿಯಾಗಿಯೇ ಇತ್ತು, ಧ ಎಂದೇ ಟೈಪಾಗಿತ್ತು. ಆದರೆ ಅದರ ಹೊಟ್ಟೆಯ ಸೀಳು ಮಸಿಯಲ್ಲಿ ಮುಚ್ಚಿಹೋಗಿತ್ತು.

ನಾವು ಕನ್ನಡದಲ್ಲಿ ಕವಿತೆಯನ್ನು ವಿಮರ್ಶಿಸುತ್ತೇವೆ, ಕಾದಂಬರಿಯನ್ನು, ಅನುವಾದವನ್ನು, ಮುಖಪುಟವನ್ನೂ ವಿಮರ್ಶಿಸುತ್ತೇವೆ. ಪುಸ್ತಕ ಯಾವ ಅಕ್ಷರದಲ್ಲಿ ನಿಂತಿದೆ ಎಂಬ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ‘ಮುದ್ರಣ ಅಚ್ಚುಕಟ್ಟಾಗಿದೆ’ ಎಂದು ಕೊನೆಗೊಂದು ಮಾತು ಸೇರಿಸಿದರೆ ಅದೇ ಹೆಚ್ಚು. ಈ ಬರಹ ಆ ಖಾಲಿ ಜಾಗದ ಬಗ್ಗೆ. ನನ್ನ ವಾದ ಇಷ್ಟು: ಕನ್ನಡದ ಫಾಂಟನ್ನು ನಾವು ಅಕ್ಷರದ ಮೈ ನೋಡಿ ಆರಿಸುತ್ತೇವೆ, ಓದುವುದು ಸಲೀಸಾಗುವುದು ಅಥವಾ ಕಷ್ಟವಾಗುವುದು ಮಾತ್ರ ಅಕ್ಷರದ ತಲೆಯ ಮೇಲೆ, ಹೊಟ್ಟೆಯ ಒಳಗೆ, ಕಾಲಿನ ಕೆಳಗೆ. ಆ ಮೂರು ಕಡೆ ಜಾಗ ಇಲ್ಲದ ಪುಟ ಎಷ್ಟೇ ಚೆಂದವಿದ್ದರೂ ಓದಿಸಿಕೊಳ್ಳುವುದಿಲ್ಲ.

ಕನ್ನಡ ಕಲಿಸಿದ ಮೇಷ್ಟ್ರುಗಳಿಗೆ ಇದು ಗೊತ್ತಿತ್ತು. ಮಹಾಪ್ರಾಣ ಬರೆಯುವಾಗ ‘ಹೊಟ್ಟೆ ಸೀಳೋ’ ಎಂದು ಗದರಿಸುತ್ತಿದ್ದರು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವೆ ಇರುವುದು ತಳದಲ್ಲಿ ಒಂದು ಸಣ್ಣ ಗೆರೆ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ವ, ಪ, ಷ ಮೂರೂ ಒಂದೇ ಮನೆಯ ಮಕ್ಕಳು. ಷ ಅನ್ನು ಪ ಅಲ್ಲ ಎಂದು ಹೇಳುವುದು ಹೊಟ್ಟೆಯೊಳಗಿನ ಒಂದು ಗೆರೆ. ಮೇಲೆ ಬಂದರೆ, ಕ ಮತ್ತು ಕಿ ನಡುವಿನ ವ್ಯತ್ಯಾಸ ತಲೆಕಟ್ಟು ಮತ್ತು ಗುಡಿಸಿನ ನಡುವಿನ ವ್ಯತ್ಯಾಸ ಅಷ್ಟೇ: ಚಪ್ಪಟೆ ಗೆರೆಯೋ, ದುಂಡಗಿನ ಸುತ್ತೋ. ಅಕ್ಷರದ ಬಹುಪಾಲು ಮೈ ಎಲ್ಲರಿಗೂ ಸಾಮಾನ್ಯ. ಗುರುತು ಹೇಳುವ ಭಾಗ ಎಲ್ಲಕ್ಕಿಂತ ಸಣ್ಣದು. ಫಾಂಟನ್ನು ದಪ್ಪ ಮಾಡಿದಾಗ, ಗಾತ್ರ ಕಿರಿದು ಮಾಡಿದಾಗ ಮೊದಲು ಸಾಯುವುದು ಆ ಸಣ್ಣ ಭಾಗವೇ.

ಇನ್ನು ಕೆಳಗಿನ ಲೋಕ. ಇಂಗ್ಲಿಷ್ ಸಾಲಿನ ಕೆಳಗೆ ಕೆಲವು ಅಕ್ಷರಗಳ ಬಾಲ ಇಳಿಯುತ್ತದೆ, ಅಷ್ಟೆ. ಕನ್ನಡದಲ್ಲಿ ಸಾಲಿನ ಕೆಳಗೆ ಇನ್ನೊಂದು ಸಾಲೇ ಇದೆ, ಒತ್ತಕ್ಷರಗಳದ್ದು. ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’, ‘ಸ್ವಾತಂತ್ರ್ಯ’ ಎಂಬಲ್ಲಿ ಒತ್ತಿಗೂ ಒತ್ತು ಬರುತ್ತದೆ. ಅದರ ಜತೆಗೆ ನಮ್ಮಂಥವರ ಭಾಷೆ ತಂದ ಹೊಸ ಒತ್ತುಗಳು ಬೇರೆ: ‘ಎಕ್ಸ್‌ಪ್ರೆಸ್’, ‘ಡಿಸ್ಟ್ರಿಕ್ಟ್’, ‘ಇನ್‌ಫ್ರಾಸ್ಟ್ರಕ್ಚರ್’. ಇಂಥ ಜೋಡಣೆಗಳು ಹಳೆಯ ಅಚ್ಚುಮೊಳೆಗಳ ಕಾಲದಲ್ಲಿ ಅಪರೂಪ. ಈಗ ದಿನದ ಊಟ. ಈ ಕೆಳಸಾಲಿನ ಒತ್ತು, ಮುಂದಿನ ಸಾಲಿನ ಗುಡಿಸು ಮತ್ತು ಏತ್ವ, ಇವೆರಡೂ ಒಂದೇ ಜಾಗಕ್ಕಾಗಿ ಕಿತ್ತಾಡುತ್ತವೆ. ಆ ಕಿತ್ತಾಟದ ಪಂಚಾಯಿತಿ ಮಾಡುವುದೇ ಪುಟ ವಿನ್ಯಾಸ.

ನನ್ನ ಸಂಚಿಕೆಯಲ್ಲಿ ಆ ಪಂಚಾಯಿತಿ ನಡೆದೇ ಇರಲಿಲ್ಲ. ಮುದ್ರಣಾಲಯದ ಡಿಟಿಪಿ ಹುಡುಗ ಮರಾಠಿ ಪುಟದ ಅಳತೆಯನ್ನೇ ನಮ್ಮ ಪುಟಕ್ಕೂ ಇಟ್ಟಿದ್ದ: 11 ಪಾಯಿಂಟ್ ಅಕ್ಷರ, 13 ಪಾಯಿಂಟ್ ಸಾಲು. ದೇವನಾಗರಿಯಲ್ಲಿ ಹೆಚ್ಚಿನ ಸಂಯುಕ್ತಾಕ್ಷರಗಳು ಅರ್ಧ ಅಕ್ಷರವಾಗಿ ಪಕ್ಕಪಕ್ಕದಲ್ಲಿ ಕೂರುತ್ತವೆ, ಮೇಲಿನ ಶಿರೋರೇಖೆ ಇಡೀ ಪದವನ್ನು ಒಂದು ತಂತಿಗೆ ಕಟ್ಟಿ ಹಿಡಿಯುತ್ತದೆ. ಆ ಅಳತೆಯಲ್ಲಿ ಮರಾಠಿ ತಕ್ಕಮಟ್ಟಿಗೆ ಬದುಕುತ್ತದೆ. ನಮ್ಮ ತಲೆಕಟ್ಟು ಪ್ರತಿ ಅಕ್ಷರಕ್ಕೂ ಬೇರೆ ಬೇರೆ, ನಮ್ಮ ಒತ್ತು ಕೆಳಗೆ. ಅದೇ ಅಳತೆಯಲ್ಲಿ ಕನ್ನಡ ಉಸಿರುಗಟ್ಟುತ್ತದೆ. ಆ ಹುಡುಗನಿಗೆ ಕನ್ನಡ ಬರುವುದಿಲ್ಲ, ಅವನನ್ನು ದೂರಿ ಫಲವಿಲ್ಲ. ನನಗೆ ಬರುತ್ತದೆ; ನಾನು ನೋಡಲಿಲ್ಲ.

ಹಳೆಯ ಮುದ್ರಣದಲ್ಲಿ ಈ ತಪ್ಪು ಮಾಡುವುದು ಸುಲಭವಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಕನ್ನಡ ಅಚ್ಚಿನ ಕಥೆ ಸೀರಾಂಪುರದಲ್ಲಿ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಪ್ರಕಟವಾದ ಕಾಲದಷ್ಟು ಹಳೆಯದು. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚೆಂದರೆ ಕೈಬರಹವೇ ಕಾಗದಕ್ಕೆ ಇಳಿದಂತೆ. ಆಮೇಲೆ ಸೀಸದ ಮೊಳೆಗಳ ಯುಗ. ಮೊಳೆ ಎಂದರೆ ಒಂದು ಗಟ್ಟಿ ತುಂಡು. ಅದಕ್ಕೆ ಒಂದು ಒಡಲಿದೆ. ಮೇಲಿನ ಸಾಲಿನ ಒತ್ತಿನ ಮೊಳೆಯ ಮೇಲೆ ಕೆಳಗಿನ ಸಾಲಿನ ಗುಡಿಸಿನ ಮೊಳೆ ಹತ್ತಿ ಕೂರಲು ಸಾಧ್ಯವೇ ಇಲ್ಲ, ಲೋಹ ಬಿಡುವುದಿಲ್ಲ. ಮೊಳೆ ಜೋಡಿಸುವವರು ಸಾಲುಗಳ ನಡುವೆ ಸೀಸದ ಪಟ್ಟಿ ಇಟ್ಟು ಇನ್ನಷ್ಟು ಅಂತರ ಕೊಡುತ್ತಿದ್ದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಕಿಟೆಲ್ ನಿಘಂಟನ್ನು ನೋಡಿ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಸಾಲಿನಲ್ಲಿ ಬೆರೆತಿವೆ. ಆದರೂ ಹುಡುಕುವ ಪದ ಕಣ್ಣಿಗೆ ಸಿಗುತ್ತದೆ.

ಕಂಪ್ಯೂಟರ್ ಈ ಲೋಹದ ಶಿಸ್ತನ್ನು ತೆಗೆದುಹಾಕಿತು. ಪರದೆಯ ಮೇಲೆ ಅಕ್ಷರ ಬರೀ ನೆರಳು. ಎರಡು ನೆರಳು ಒಂದರ ಮೇಲೊಂದು ಬಿದ್ದರೆ ಯಂತ್ರಕ್ಕೇನೂ ಬಾಧೆಯಿಲ್ಲ. ವರ್ಡ್‌ನಲ್ಲಿ ಸಾಲಿನ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದು ಇಟ್ಟು ಇಂಗ್ಲಿಷಿನ ಅಳತೆ ಕೊಡಿ, ಒತ್ತುಗಳ ಕಾಲು ಕತ್ತರಿಸಿ ಹೋಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಮೊಳೆ ತಾನಾಗಿ ಕೊಡುತ್ತಿದ್ದ ಜಾಗವನ್ನು ಈಗ ಯಾರಾದರೂ ಒಬ್ಬರು ತಿಳಿದು ಕೊಡಬೇಕು.

ಹಾಗಿದ್ದರೆ ಆ ತಿಳಿವಳಿಕೆ ನಮ್ಮಲ್ಲಿ ಯಾಕೆ ಬೆಳೆಯಲಿಲ್ಲ? ನನ್ನ ಊಹೆ, ಒಂದೂವರೆ ದಶಕಕ್ಕೂ ಹೆಚ್ಚು ಕಾಲ ನಮಗೆ ಆರಿಸುವ ಅವಕಾಶವೇ ಇರಲಿಲ್ಲ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲ ಕನ್ನಡವನ್ನು ಕಂಪ್ಯೂಟರಿಗೆ ತಂದ ದೊಡ್ಡ ಕೆಲಸಗಳು. ಅವು ಇಲ್ಲದಿದ್ದರೆ ಈ ಪತ್ರಿಕೆಯೂ ಇರುತ್ತಿರಲಿಲ್ಲ. ಆದರೆ ಆ ಕಾಲದ ಫಾಂಟ್ ಎಂದರೆ ಬರೀ ರೂಪವಲ್ಲ, ಸಂಕೇತವೂ ಹೌದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಎಲ್ಲರದ್ದೂ ಒಂದೇ ರೀತಿಯಾಗಿರಲಿಲ್ಲ. ನುಡಿಯಲ್ಲಿ ಬರೆದದ್ದನ್ನು ಶ್ರೀಲಿಪಿಯ ಫಾಂಟಿಗೆ ಬದಲಿಸಿದರೆ ಕನ್ನಡ ಹೋಗಿ ವಿಚಿತ್ರ ಚಿಹ್ನೆಗಳ ಸಂತೆ ಬರುತ್ತಿತ್ತು. ಮೊದಲು ಯಾವುದನ್ನು ಹಿಡಿದೆವೋ ಅದರಲ್ಲೇ ಬಾಳ್ವೆ. ಯೂನಿಕೋಡ್ ಬಂದ ಮೇಲೆ ಅಕ್ಷರ ಬೇರೆ, ಅದರ ರೂಪ ಬೇರೆ ಆಯಿತು. ಈಗ ಕ ಯಾವಾಗಲೂ ಕ, ಬಟ್ಟೆ ಬದಲಿಸಬಹುದು. ಆರಿಸುವ ಸ್ವಾತಂತ್ರ್ಯ ಬಂತು, ಆರಿಸುವ ಅಭ್ಯಾಸ ಬರಲಿಲ್ಲ. ಹಾಗಾಗಿ ನಾವು ಎರವಲು ಸಲಹೆಗಳನ್ನು ನಂಬಿದೆವು.

ಅಂಥ ಎರವಲು ಸಲಹೆಗಳಲ್ಲಿ ಮೊದಲನೆಯದು: ‘ಮುದ್ರಣಕ್ಕೆ ಸೆರಿಫ್, ಪರದೆಗೆ ಸಾನ್ಸ್’. ಸೆರಿಫ್ ಎಂದರೆ ರೋಮನ್ ಅಕ್ಷರಗಳ ತುದಿಯಲ್ಲಿರುವ ಅಡ್ಡ ಪಾದ. ಕನ್ನಡದ ಅಕ್ಷರಕ್ಕೆ ಆ ಪಾದವೇ ಇಲ್ಲ. ನಮ್ಮ ಫಾಂಟ್‌ಗಳ ಹೆಸರಿನಲ್ಲಿ ‘ಸೆರಿಫ್’ ಎಂದಿದ್ದರೆ ಅದರ ಅರ್ಥ ಗೆರೆ ಎಲ್ಲೋ ದಪ್ಪ ಎಲ್ಲೋ ತೆಳು, ಲೇಖನಿ ಓಡಿದ ಹಾಗೆ. ‘ಸಾನ್ಸ್’ ಎಂದಿದ್ದರೆ ಗೆರೆ ಎಲ್ಲೆಡೆ ಹೆಚ್ಚು ಕಡಿಮೆ ಒಂದೇ ದಪ್ಪ. ಈ ವ್ಯತ್ಯಾಸ ನಿಜವಾದದ್ದೇ, ಉಪಯೋಗದ್ದೇ. ಆದರೆ ಕೇಳಬೇಕಾದ ಪ್ರಶ್ನೆ ಪಾದದ್ದಲ್ಲ. ತೆಳು ಗೆರೆ ಈ ಕಾಗದದಲ್ಲಿ, ಈ ಪರದೆಯಲ್ಲಿ ಉಳಿಯುತ್ತದೆಯೇ ಎಂಬುದು. ಒರಟು ಕಾಗದದಲ್ಲಿ ಮಸಿ ಹರಡಿ ತೆಳು ಗೆರೆ ದಪ್ಪವಾಗುತ್ತದೆ, ಆಗ ಪುಟಕ್ಕೆ ಒಂದು ಹದ ಬರುತ್ತದೆ. ಅದೇ ಗೆರೆ ಹಳೆಯ ಮಾನಿಟರ್ ಮೇಲೆ ಮಾಯವಾಗುತ್ತದೆ.

ಎರಡನೆಯದು, ಒತ್ತಿ ಹೇಳಲು ಬೋಲ್ಡ್ ಮತ್ತು ಇಟಾಲಿಕ್. ಬಹುಪಾಲು ಕನ್ನಡ ಫಾಂಟ್‌ಗಳಲ್ಲಿ ಓರೆ ರೂಪವನ್ನು ಯಾರೂ ಬೇರೆಯಾಗಿ ಬರೆದಿರುವುದಿಲ್ಲ. ನಾವು ಗುಂಡಿ ಒತ್ತಿದಾಗ ಯಂತ್ರ ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ. ದುಂಡು ಅಕ್ಷರ ವಾಲಿದರೆ ಬೀಳುತ್ತಿರುವ ಮಡಕೆಯ ಹಾಗೆ ಕಾಣುತ್ತದೆ. ಬೋಲ್ಡ್ ಇನ್ನೂ ಅಪಾಯ. ಫಾಂಟಿನಲ್ಲಿ ದಪ್ಪ ರೂಪ ಇಲ್ಲದಿದ್ದರೆ ಯಂತ್ರ ಇರುವ ಗೆರೆಗೇ ಮಸಿ ಬಳಿದು ಉಬ್ಬಿಸುತ್ತದೆ. ಧ, ಭ, ಢ ಗಳ ಸೀಳು ಮುಚ್ಚುವುದು ಅಲ್ಲೇ. ನಿಜವಾದ ಬೋಲ್ಡ್‌ನಲ್ಲಿ ವಿನ್ಯಾಸಗಾರರು ಗೆರೆ ದಪ್ಪ ಮಾಡುವಾಗ ಹೊಟ್ಟೆಯನ್ನೂ ಅಗಲ ಮಾಡಿರುತ್ತಾರೆ.

ಮೂರನೆಯದು, ಎರಡೂ ಅಂಚು ಸಮ ಮಾಡುವುದು. ನಮ್ಮ ಪದಗಳು ಪ್ರತ್ಯಯ ಹತ್ತಿಸಿಕೊಂಡು ರೈಲಿನ ಹಾಗೆ ಬೆಳೆಯುತ್ತವೆ: ‘ಬರೆಯಬೇಕಾಗಿತ್ತೆಂಬುದನ್ನು’. ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಇಂಥ ಪದ ಬಂದರೆ ಮೊಳೆ ಜೋಡಿಸುವವರು ಅಕ್ಷರದ ಸಂದಿನಲ್ಲಿ ಮುರಿದು ಮುಂದಿನ ಸಾಲಿಗೆ ಹಾಕುತ್ತಿದ್ದರು. ಓದುಗರಿಗೂ ಅದು ರೂಢಿ. ಮೊಬೈಲಿನಲ್ಲಿ ಹಾಗೆ ಮುರಿಯುವವರಿಲ್ಲ. ಇಡೀ ಪದ ಕೆಳಗೆ ಇಳಿಯುತ್ತದೆ, ಉಳಿದ ಮೂರು ಪದಗಳನ್ನು ಅಂಚಿನವರೆಗೆ ಎಳೆದು ಹಿಗ್ಗಿಸುತ್ತದೆ. ಪುಟದ ನಡುವೆ ಬಿಳಿಯ ಕಾಲುವೆ ಹರಿಯುತ್ತದೆ. ಫೋನಿನ ಪುಟಕ್ಕೆ ಎಡ ಅಂಚು ಮಾತ್ರ ಸಮ ಇದ್ದರೆ ಸಾಕು, ಬಲ ಅಂಚು ಹೇಗಾದರೂ ಇರಲಿ.

ಇನ್ನು ನಮ್ಮ ಕಣ್ಣೆದುರಿನ ಫಾಂಟ್‌ಗಳ ಮಾತು. ಪುಸ್ತಕಗಳನ್ನು ವಿಮರ್ಶಿಸುವ ಹಾಗೆ ಇವನ್ನೂ ಒಂದೊಂದಾಗಿ ನೋಡಬಹುದು.

ತುಂಗಾ ವಿಂಡೋಸ್ ಎಕ್ಸ್‌ಪಿ ಜತೆಗೆ 2001ರಲ್ಲಿ ಬಂತು. ಮುಂಬೈಯ ಆರ್. ಕೆ. ಜೋಶಿ ಅವರ ನಿರ್ದೇಶನದಲ್ಲಿ ಭಾರತೀಯ ಲಿಪಿಗಳಿಗೆ ಆದ ಕೆಲಸದ ಭಾಗ ಅದು. ಕಂಪ್ಯೂಟರಿನಲ್ಲಿ ಕನ್ನಡ ಕಂಡ ಆ ದಿನಗಳು ನನ್ನ ವಯಸ್ಸಿನವರಿಗೆ ನೆನಪಿರುತ್ತವೆ. ಆದರೆ ಇಂಗ್ಲಿಷ್ ಜತೆಗೆ ಅದೇ ಗಾತ್ರದಲ್ಲಿ ಇಟ್ಟರೆ ತುಂಗಾ ಚಿಕ್ಕದಾಗಿ, ತೆಳ್ಳಗೆ ಕಾಣುತ್ತದೆ. ಲೆಕ್ಕ ಹಾಕಿ: ಇಂಚಿಗೆ 96 ಪಿಕ್ಸೆಲ್ ಇರುವ ಮಾನಿಟರಿನಲ್ಲಿ 10 ಪಾಯಿಂಟ್ ಎಂದರೆ ಸುಮಾರು 13 ಪಿಕ್ಸೆಲ್. ಅದರಲ್ಲಿ ಗುಡಿಸಿಗೆ, ಒತ್ತಿಗೆ ಪಾಲು ಹೋದ ಮೇಲೆ ಅಕ್ಷರದ ಮೈಗೆ ಉಳಿಯುವುದು ಬೆರಳೆಣಿಕೆಯಷ್ಟು. ಧ ಅಕ್ಷರದ ಸೀಳಿಗೆ ಒಂದು ಪಿಕ್ಸೆಲ್ ಸಿಕ್ಕರೆ ಪುಣ್ಯ. ಇಂಗ್ಲಿಷಿಗೆ 11 ಇಟ್ಟ ಕಡೆ ತುಂಗಾಗೆ 14 ಆದರೂ ಬೇಕು. ಒಂದೇ ಸಂಖ್ಯೆ ಎರಡು ಲಿಪಿಗೂ ಒಂದೇ ಗಾತ್ರ ಎಂದು ನಂಬಿದ್ದೇ ನಮ್ಮ ಆಫೀಸು ಕಾಗದಗಳ ಮೊದಲ ತಪ್ಪು.

ವಿಂಡೋಸ್ 8ರಿಂದ ಬಂದ ನಿರ್ಮಲಾ ಯುಐ ಹೆಸರಿಗೆ ತಕ್ಕಂತೆ ಮೆನು, ಗುಂಡಿ, ಫಾರಂಗಳಿಗೆ ಮಾಡಿದ್ದು. ಸಣ್ಣ ಗಾತ್ರದಲ್ಲಿ ನಿಚ್ಚಳ. ಆದರೆ ಅದರಲ್ಲಿ ಇಪ್ಪತ್ತು ಪುಟದ ಕಥೆ ಓದುವುದು ನೋಟೀಸು ಬೋರ್ಡಿನ ಮುಂದೆ ನಿಂತು ಕಾದಂಬರಿ ಓದಿದ ಹಾಗೆ. ಗೂಗಲ್‌ನ ನೋಟೋ ಸಾನ್ಸ್ ಕನ್ನಡ ಫೋನಿನಲ್ಲಿ ನಾನು ಹೆಚ್ಚು ನಂಬುವ ಫಾಂಟ್. ಅಕ್ಷರ ಸಿಗದಾಗ ಕಾಣುವ ಖಾಲಿ ಚೌಕಕ್ಕೆ ತೋಫು ಎನ್ನುತ್ತಾರೆ. ‘ತೋಫು ಬೇಡ’ ಎಂಬುದರಿಂದಲೇ ನೋಟೋ ಎಂಬ ಹೆಸರು. ತೆಳುವಿನಿಂದ ಕಡು ದಪ್ಪದವರೆಗೆ ನಿಜವಾದ ತೂಕಗಳಿವೆ, ಒತ್ತುಗಳು ಬಿಡಿಸಿ ಕಾಣುತ್ತವೆ. ಕಾಗದದಲ್ಲಿ ಮಾತ್ರ ಅದರ ಏಕರೂಪದ ಗೆರೆ ನನ್ನ ಕಣ್ಣಿಗೆ ಬೇಗ ದಣಿವು ತರುತ್ತದೆ. ಅಲ್ಲಿ ನೋಟೋ ಸೆರಿಫ್ ಕನ್ನಡ ವಾಸಿ.

ಪುಸ್ತಕಕ್ಕೆ ನಾನು ಮೆಚ್ಚುವುದು ಟೀರೋ ಕನ್ನಡ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ದ್ವಿಭಾಷಾ ಪುಸ್ತಕಗಳಿಗಾಗಿ ನಡೆದ ಕೆಲಸದಿಂದ ಬಂದ ಕುಟುಂಬ ಅದು, ಈಗ ಎಲ್ಲರಿಗೂ ಉಚಿತ. ಹಳೆಯ ಅಚ್ಚುಮೊಳೆಯ ನೆನಪಿದೆ, ಹೊಟ್ಟೆಗಳು ತೆರೆದಿವೆ, ದಪ್ಪ ತೆಳುವಿನ ಏರಿಳಿತಕ್ಕೆ ಹದವಿದೆ. ಕೊರತೆಯೂ ಇದೆ: ದಪ್ಪ ರೂಪ ಇಲ್ಲ. ಅದಕ್ಕೆ ಬೋಲ್ಡ್ ಗುಂಡಿ ಒತ್ತಿದರೆ ಆಗಲೇ ಹೇಳಿದ ಮಸಿ ಬಳಿಯುವ ಕೆಲಸವೇ ಆಗುತ್ತದೆ. ಶೀರ್ಷಿಕೆಗೆ ಬೇರೆ ಫಾಂಟ್ ತರಬೇಕು. ಮುಂಬೈಯ ಏಕ್ ಟೈಪ್ ತಂಡದ ಬಾಲೂ ತಮ್ಮ ಶೀರ್ಷಿಕೆಯಲ್ಲಿ ನಗುನಗುತ್ತ ನಿಲ್ಲುತ್ತದೆ. ಒಳಪುಟಕ್ಕೆ ಇಳಿಸಿದರೆ ಮದುವೆ ಮನೆಯ ಬ್ಯಾಂಡಿನವರನ್ನು ಮಲಗುವ ಕೋಣೆಗೆ ಕರೆದಂತೆ. ಅದೇ ತಂಡದ ಅನೇಕ್ ಕನ್ನಡದಲ್ಲಿ ದಪ್ಪ ಮಾತ್ರವಲ್ಲ, ಅಗಲವನ್ನೂ ಹೆಚ್ಚು ಕಡಿಮೆ ಮಾಡಬಹುದು. ಉದ್ದನೆಯ ಕನ್ನಡ ಪದಗಳನ್ನು ಕಿರಿದಾದ ಜಾಗದಲ್ಲಿ ಕೂರಿಸಬೇಕಾದ ಭಿತ್ತಿಪತ್ರಕ್ಕೆ ಅದು ಒಳ್ಳೆಯ ಉಪಾಯ.

ಶ್ರೀಲಿಪಿ ಪುಣೆಯದು, ತುಂಗಾ, ಬಾಲೂ, ಅನೇಕ್ ಮುಂಬೈಯವು. ಕನ್ನಡದ ಅಕ್ಷರ ರೂಪಗಳಲ್ಲಿ ಒಂದು ದೊಡ್ಡ ಪಾಲು ನಾವು ಬಾಡಿಗೆಗಿರುವ ಊರುಗಳಲ್ಲೇ ಹುಟ್ಟಿದೆ. ಇದರಲ್ಲಿ ಹೆಮ್ಮೆಗಿಂತ ಹೆಚ್ಚಾಗಿ ಒಂದು ಅನುಕೂಲ ಇದೆ: ಇಲ್ಲಿ ಕೂತು ಕನ್ನಡ ಓದುವವರ ಕಷ್ಟವನ್ನು ಹೇಳಿಕೊಳ್ಳಲು ದೂರ ಹೋಗಬೇಕಿಲ್ಲ.

ಫಾಂಟ್ ಎಷ್ಟೇ ಒಳ್ಳೆಯದಿದ್ದರೂ ಅರ್ಧ ಕೆಲಸ ನಮ್ಮದು. ಸಾಲಿನ ಎತ್ತರದ ಬಗ್ಗೆ ಜಾಲತಾಣಗಳ ಸುಗಮತೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ, ಓದುಗರು ಅದನ್ನು ಅಕ್ಷರದ ಒಂದೂವರೆ ಪಟ್ಟಿಗೆ ಏರಿಸಿಕೊಂಡರೂ ಪುಟ ಕೆಡಬಾರದು ಎನ್ನುತ್ತದೆ. ಕನ್ನಡಕ್ಕೆ ನಾನು ಪರದೆಯಲ್ಲಿ 1.6ರಿಂದ ಶುರುಮಾಡಿ 1.8ರವರೆಗೂ ಹೋಗುತ್ತೇನೆ. ಮುದ್ರಣದಲ್ಲಿ 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಸಾಲು. ಟೈಪ್ ಮಾಡುವವರ ಪಾಲೂ ಇದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ನಡುವೆ ಆ ಕಣ್ಣಿಗೆ ಕಾಣದ ವಿಭಜಕವನ್ನು ಒತ್ತದಿದ್ದರೆ ಅದು ‘ಸಾಫ್ಟ್ವೇರ್’ ಆಗಿ ಒತ್ತಿನ ಕೆಳಗೆ ಒತ್ತು ಜೋತುಬೀಳುತ್ತದೆ. ಅದನ್ನು ಬಿಡಿಸಿ ಓದುವ ಹೊತ್ತಿಗೆ ವಾಕ್ಯದ ಅರ್ಥ ಕೈತಪ್ಪಿರುತ್ತದೆ.

ಇಷ್ಟೆಲ್ಲ ಹೇಳಿದಾಗ ಗೆಳೆಯನೊಬ್ಬ ನಕ್ಕ. “ನಾವೆಲ್ಲ ಕಳಪೆ ಕಾಗದದ ಪಠ್ಯಪುಸ್ತಕ, ಮಸಿ ಹರಡಿದ ಪ್ರಶ್ನೆಪತ್ರಿಕೆ, ಬಸ್ಸಿನ ಬೋರ್ಡು ಎಲ್ಲಾ ಓದಲಿಲ್ಲವಾ? ವಿಷಯ ಚೆನ್ನಾಗಿದ್ದರೆ ಓದುತ್ತಾರೆ ಮಾರಾಯ.” ಈ ಮಾತನ್ನು ತಳ್ಳಿಹಾಕಲಾಗದು. ನಾನೂ ಹಾಗೇ ಓದಿದವನು. ಅಭ್ಯಾಸವಾದ ಕಣ್ಣು ಒಂದೊಂದೇ ಅಕ್ಷರದಲ್ಲಿ ನಿಲ್ಲುವುದಿಲ್ಲ, ಪದವನ್ನು ಒಟ್ಟಿಗೆ ಹಿಡಿಯುತ್ತದೆ. ‘ದನಸಹಾಯ’ ಎಂದಿದ್ದರೂ ನಾನು ‘ಧನಸಹಾಯ’ ಎಂದೇ ಓದಿಕೊಂಡು ಮುಂದೆ ಹೋಗಿದ್ದೆ. ಅದಕ್ಕೇ ಕರಡು ತಿದ್ದುವಾಗ ನನಗೆ ತಪ್ಪು ಕಾಣಲಿಲ್ಲ.

ಆದರೆ ಗೆಳೆಯ ಹೇಳಿದ ಆ ಬಸ್ಸಿನ ಬೋರ್ಡು ಇಲ್ಲಿಲ್ಲ. ನನ್ನ ಮಗಳಿಗೆ ಹತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಭಾನುವಾರ ಸಂಘದ ಕನ್ನಡ ತರಗತಿ. ಅವಳಿಗೆ ಅಂಗಡಿಯ ಹೆಸರು, ಬಿಸ್ಕತ್ತಿನ ಪೊಟ್ಟಣ, ಗೋಡೆಯ ಜಾಹೀರಾತು ಯಾವುದೂ ಕನ್ನಡದಲ್ಲಿ ಇಲ್ಲ. ವಾರಕ್ಕೆ ಎರಡು ಪುಟ ಕನ್ನಡ ಕಣ್ಣಿಗೆ ಬೀಳುತ್ತದೆ, ಅದೂ ಹೆಚ್ಚಾಗಿ ನನ್ನ ಫೋನಿನಲ್ಲಿ. ಅವಳು ಪದವನ್ನು ಒಟ್ಟಿಗೆ ಹಿಡಿಯುವುದಿಲ್ಲ, ಅಕ್ಷರ ಅಕ್ಷರವಾಗಿ ಹತ್ತಿ ಇಳಿಯುತ್ತಾಳೆ. ‘ಕಷ್ಟ’ ಎಂಬಲ್ಲಿ ಷ ಅನ್ನು ಪ ಎಂದು ಓದಿ ನಿಂತುಬಿಡುತ್ತಾಳೆ. ‘ಕಥೆ’ಯನ್ನು ‘ಕಧೆ’ ಎನ್ನುತ್ತಾಳೆ. ಒಂದು ಪುಟದಲ್ಲಿ ನಾಲ್ಕು ಸಲ ಹೀಗಾದರೆ ಫೋನು ನನ್ನ ಕೈಗೆ ವಾಪಸು ಬರುತ್ತದೆ: “ಅಪ್ಪಾ, ನೀನೇ ಓದು.” ಮೊದಮೊದಲು ಇದು ಅವಳ ಸೋಮಾರಿತನ ಎಂದುಕೊಂಡಿದ್ದೆ. ಅದೇ ಕಥೆಯನ್ನು ನೋಟೋದಲ್ಲಿ, ಅಕ್ಷರ ದೊಡ್ಡದು ಮಾಡಿ, ಸಾಲು ಬಿಡಿಸಿ ಕೊಟ್ಟ ಸಂಜೆ ಎರಡು ಪುಟ ತಾನೇ ಮುಗಿಸಿದಳು. ಮೂರನೆಯದಕ್ಕೆ ಸುಸ್ತಾದಳು, ಅದು ಬೇರೆ ಮಾತು.

ಕಾಕಾ ಅವರ ಕಣ್ಣು ಹಳೆಯದು, ಇವಳ ಕಣ್ಣು ಹೊಸದು. ಇಬ್ಬರಿಗೂ ಬೇಕಾದದ್ದು ಒಂದೇ. ನಡುವಿನ ನಾವು ಹೇಗೂ ಓದಿಕೊಳ್ಳುತ್ತೇವೆ, ಫಾಂಟ್ ಆರಿಸುವವರೂ ನಾವೇ. ತೊಡಕಿರುವುದು ಇಲ್ಲೇ. ಪುಟವನ್ನು ನಮಗೆ ಹೇಗೆ ಕಾಣುತ್ತದೆ ಎಂದಲ್ಲ, ಕಷ್ಟಪಟ್ಟು ಓದುವವರಿಗೆ ಹೇಗೆ ಕಾಣುತ್ತದೆ ಎಂದು ನೋಡಬೇಕು.

ಅದಕ್ಕೆ ಈಗ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಸಾಫ್ಟ್‌ವೇರ್ ಕೆಲಸದಲ್ಲಿ ಟೆಸ್ಟ್ ಕೇಸ್ ಇಲ್ಲದೆ ಏನನ್ನೂ ಬಿಡುಗಡೆ ಮಾಡದವನು ಇದಕ್ಕೆ ಮಾತ್ರ ಯಾಕೆ ಮಾಡಲಿಲ್ಲವೋ. ಶೀರ್ಷಿಕೆ ಹಾಕಿ ನೋಡುವುದಿಲ್ಲ. ತೊಡಕಿನ ಪದಗಳನ್ನು ಹಾಕುತ್ತೇನೆ. ದನ, ಧನ, ಬಾರ, ಭಾರ, ಪಲ, ಫಲ, ಕಥೆ, ಕಷ್ಟ, ಕಂಠ. ಆಮೇಲೆ ಸ್ವಾತಂತ್ರ್ಯ, ರಾಷ್ಟ್ರೀಯ, ಉತ್ಪ್ರೇಕ್ಷೆ, ಇನ್‌ಫ್ರಾಸ್ಟ್ರಕ್ಚರ್. ಅವುಗಳ ಕೆಳಗಿನ ಸಾಲಿನಲ್ಲಿ ಗುಡಿಸು, ಏತ್ವ ತುಂಬಿದ ಪದಗಳು: ಹೇಳಿಕೇಳಿ, ಪ್ರೀತಿ, ಸಿಕ್ಕೀತೇ. ಅದೇ ಗಾತ್ರದಲ್ಲಿ, ಅದೇ ಕಾಗದದಲ್ಲಿ ಒಂದು ಪುಟ ಮುದ್ರಿಸಿ, ಅಥವಾ ಮನೆಯಲ್ಲಿರುವ ಅತಿ ಅಗ್ಗದ ಫೋನಿನಲ್ಲಿ ತೆರೆದು, ಒಬ್ಬ ಹಿರಿಯರ ಕೈಗೆ, ಒಂದು ಮಗುವಿನ ಕೈಗೆ ಕೊಡುತ್ತೇನೆ. ಗಟ್ಟಿಯಾಗಿ ಓದಿ ಎನ್ನುತ್ತೇನೆ. ಎಲ್ಲಿ ತಡೆದರು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಫಾಂಟ್ ಚೆನ್ನಾಗಿದೆಯೇ ಎಂದು ಕೇಳುವುದಿಲ್ಲ.

ಕಳೆದ ತಿಂಗಳು ಕಾಕಾ ಅವರ ಲೇಖನವನ್ನು ಟೀರೋದಲ್ಲಿ, 14 ಪಾಯಿಂಟಿನಲ್ಲಿ, ಸಾಲುಗಳಿಗೆ ಧಾರಾಳವಾಗಿ ಜಾಗ ಕೊಟ್ಟು ಮತ್ತೆ ಹೊಂದಿಸಿದೆ. ನಾಲ್ಕು ಪುಟ ಇದ್ದದ್ದು ಏಳಾಯಿತು. ಮನೆಯ ಪ್ರಿಂಟರಿನಲ್ಲೇ ತೆಗೆದು, ಸ್ಟೇಪಲ್ ಹೊಡೆದು ತೆಗೆದುಕೊಂಡು ಹೋದೆ. ಅವರು ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಲು ಶುರುಮಾಡಿದರು. ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲ ಹತ್ತಿರ ನಿಂತರು. ತಾಯಿ ರೊಟ್ಟಿ ಬಡಿಯುವ ಭಾಗ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಬುತ್ತಿ ಕೊಟ್ಟು ಕಳಿಸಿದ ಭಾಗ, ಎಲ್ಲೂ ತಡೆಯದೆ ಓದಿದರು. ನಾಲ್ಕನೆಯ ಪುಟದಲ್ಲಿ ನಿಂತರು. ಕಣ್ಣು ತುಂಬಿ ಬಂತೇನೋ ಎಂದು ನಾನು ನೆಲ ನೋಡುತ್ತ ಕೂತೆ.

“ಇಲ್ಲೊಂದು ತಪ್ಪದ ನೋಡು,” ಅಂದರು, ಪುಟವನ್ನು ನನ್ನ ಕಡೆ ತಿರುಗಿಸಿ. “ನಾ ‘ಅವ್ವ’ ಅಂತ ಬರದಿದ್ದೆ. ನೀ ‘ಅಮ್ಮ’ ಮಾಡೀಯಲ್ಲ.”